ಕರೆದು ಕಾಯದ ಸಾಲು

ಕುತೈಸಿಯ ಬ್ರೆಡ್ ಕಾರ್ಖಾನೆ. ರಾತ್ರಿ ಮೂರೂ ಕಾಲು.
ಹಿಟ್ಟಿನ ಧೂಳು ಕೀಬೋರ್ಡಿನ ಸಂದಿಯಲ್ಲಿ,
ನನ್ನ ಕನ್ನಡಕದ ಮೇಲೆ, ಚಹಾ ಲೋಟದ ಕಂಠದಲ್ಲಿ.
ನಾನು ಲಮಾರಾ, ಲೆಕ್ಕದವಳು.
ಇಪ್ಪತ್ತೆರಡು ವರ್ಷ ಕಾಗದದ ಮೇಲೆ ಕೂಡಿದೆ, ಕಳೆದೆ.
ಈಗ ಎಕ್ಸೆಲ್ ಹಾಳೆಯ ಮೂಲೆಯಲ್ಲಿ
ಒಂದು ಬೂದು ಗುಂಡಿ. ಹೆಸರು 'ಬೆಳಗು'.
ಒತ್ತಿದರೆ ಬೆಳಗಾಗಬೇಕು.

ಗುಂಡಿಯ ಹಿಂದಿನ ಮ್ಯಾಕ್ರೋ ಗುರಾಮನದು.
ಹೋದ ಚಳಿಗಾಲ ಬತೂಮಿಯ ಹೋಟೆಲೊಂದಕ್ಕೆ ಹೋದ,
ಸಂಬಳ ಒಂದೂವರೆ ಪಟ್ಟು, ಕಿಟಕಿಗೆ ಸಮುದ್ರ.
ಬಿಟ್ಟದ್ದು ಹಿಡಿ ಮುರಿದ ಒಂದು ಲೋಟ,
ಮತ್ತೆ ಈ ನಲವತ್ತು ಸಾಲು.

ಹಾಳೆ ತಾನಾಗಿ ಏನನ್ನೂ ತೂಗಲಾರದು.
ತಕ್ಕಡಿಯ ಪ್ರೋಗ್ರಾಮನ್ನು ಕರೆಯಬೇಕು,
ಚೀಟಿ ಅಚ್ಚು ಹಾಕುವುದನ್ನು ಕರೆಯಬೇಕು,
ಆಸ್ಪತ್ರೆಗೆ, ಎರಡು ಶಾಲೆಗೆ, ರೈಲ್ವೆ ಕ್ಯಾಂಟೀನಿಗೆ
ಪತ್ರ ಕಳಿಸುವುದನ್ನೂ.
ಶೆಲ್ ಅಂತ ಒಂದು ಮಾತು, ಆಮೇಲೆ ದಾರಿ:
ಫೋಲ್ಡರು ಫೋಲ್ಡರು ದಾಟಿ ಅದರ ಬಾಗಿಲ ತನಕ.
ನಡುವೆ ಒಂದು ಖಾಲಿ ಜಾಗ ಸಿಕ್ಕರೂ
ಎಡವಿ ಬೀಳುತ್ತದೆ; ಅದಕ್ಕೇ
ಉದ್ಧರಣ ಚಿಹ್ನೆಯ ಒಳಗೊಂದು ಉದ್ಧರಣ ಚಿಹ್ನೆ,
ಎಳೆಗೂಸಿಗೆ ಶಾಲಿನ ಮೇಲೆ ಶಾಲು ಸುತ್ತಿದ ಹಾಗೆ.

ನಮ್ಮ ಕೇರಿಯಲ್ಲೂ ಕರೆಯುತ್ತಾರೆ.
ಮೂರನೇ ಮಹಡಿಯಿಂದ ತ್ಸಿಯಾಲಾ ಬುಟ್ಟಿ ಇಳಿಬಿಟ್ಟು
"ಬೆಸೋ! ಕೊತ್ತಂಬರಿ, ಎರಡು ಕಟ್ಟು!" ಅನ್ನುತ್ತಾಳೆ.
ಕೆಳಗೆ ಬೆಸೋ ಇದ್ದಾನೋ ಇಲ್ಲವೋ,
ಹಗ್ಗ ಭಾರವಾಗುವ ತನಕ
ಕಟಾಂಜನ ಹಿಡಿದು ನಿಂತೇ ಇರುತ್ತಾಳೆ.
ಶೆಲ್ ನಿಲ್ಲುವುದಿಲ್ಲ.
ಕರೆಯುತ್ತದೆ, ಓಗೊಟ್ಟಿದ್ದಕ್ಕೆ ಗುರುತಾಗಿ
ಒಂದು ಅಂಕಿ ಇಸಕೊಂಡು
ಮುಂದಿನ ಸಾಲಿಗೆ ಹೊರಟೇಹೋಗುತ್ತದೆ.
ಕರೆಸಿಕೊಂಡವನು ಇನ್ನೂ
ಮಂಚದ ಕೆಳಗೆ ಚಪ್ಪಲಿ ಹುಡುಕುತ್ತಿರುತ್ತಾನೆ.

ಮಂಗಳವಾರ ಆದದ್ದು ಅದೇ.
ತಕ್ಕಡಿಗೆ ಎಚ್ಚರವಾಗುವ ಮೊದಲೇ ಚೀಟಿ ಅಚ್ಚಾಯಿತು:
ಸೋಮವಾರದ ತೂಕ, ಮಂಗಳವಾರದ ಬ್ರೆಡ್ಡಿನ ಮೇಲೆ.
ಮೂವತ್ತೊಂದು ಕಿಲೋ ಕಡಿಮೆ.
ಆಸ್ಪತ್ರೆಯ ಅಡುಗೆಯವಳು ಫೋನಿನಲ್ಲಿ ಅಂದದ್ದನ್ನು
ಇಲ್ಲಿ ಬರೆಯಲಾರೆ.
ಅಂಕಿ ತಪ್ಪಲ್ಲ ತಾಯಿ, ಅಂದೆ,
ನಿನ್ನೆಯದು, ಅಷ್ಟೆ.

ಒಲೆಯ ಬಳಿ ವಾಲಿಕೋನನ್ನು ಕೇಳಿದೆ:
ಬೆಂದಿದೆ ಅಂತ ಹೇಗೆ ಗೊತ್ತಾಗುತ್ತೆ?
ಒಂದನ್ನು ಮಗುಚಿ, ಬೆನ್ನಿಗೆ ಬೆರಳಿಂದ ಬಡಿದ.
"ಟೊಳ್ಳು ಸದ್ದು ಬಂದರೆ ಬೆಂದಿದೆ, ಬರದಿದ್ದರೆ ಒಳಗಿಡು.
ಬಡಿ, ಕೇಳು, ಮತ್ತೆ ಬಡಿ.
ಅಲ್ಲ ಲಮಾರಾ, ಈ ವಯಸ್ಸಿಗೆ
ಒಲೆ ಕೆಲಸ ಕಲೀತೀಯಾ?"

ಅದನ್ನೇ ಬರೆದೆ.
ಮೊದಲು ಐದು ಸೆಕೆಂಡು ಕಾಯಿ ಅಂದಿದ್ದೆ;
ಚಳಿ ಹೆಚ್ಚಿದ ದಿನ ಐದು ಸಾಲದು.
ಈಗ ಒಂದು ಸುತ್ತು: ತೂಕದ ಫೈಲು ಬಂತೆ? ಇಲ್ಲ.
ಬಂತೆ? ಇಲ್ಲ. ಬಂತೆ?
ಬಂತು. ಇಂದಿನ ತಾರೀಖೆ?
ಹಾಗಾದರೆ ಚೀಟಿ.
ಸುತ್ತಿನ ನಡುವೆ ಯಂತ್ರ ಉಸಿರಾಡಲಿ ಅಂತ ಒಂದು ಪದ.

ಬರೆಯುವಾಗ ಕಣ್ಣಿಗೆ ಬಿತ್ತು ಇಪ್ಪತ್ತೇಳನೆಯ ಸಾಲು:
ಮೊದಲಲ್ಲೊಂದು ಒಂಟಿ ಕೊಕ್ಕೆ, ಆಮೇಲೆ ಹಸಿರು ಅಕ್ಷರ,
ಯಂತ್ರ ಓದದೆ ದಾಟುವ ಜಾಗ.
'ಇಲ್ಲಿ ಕಾಯಬೇಕು. ಹೇಗೆ, ಗೊತ್ತಿಲ್ಲ. ನಾಳೆ ನೋಡೋಣ. ಗು.'
ತಾರೀಖು ಆರು ವರ್ಷ ಹಿಂದಿನದು.

ಹಾಗಾದರೆ ಆರು ವರ್ಷ ಕಾದವರು ಯಾರು?
ದಿನಾ ಮೂರು ಗಂಟೆಗೆ ಎದ್ದು
ತಕ್ಕಡಿಯ ಕೋಣೆಯತ್ತ ನಡೆಯುತ್ತಿದ್ದ.
ಸಿಗರೇಟಿಗೆ ಅಂದುಕೊಂಡೆವು.
ಚಾಡಿಯನ್ನೂ ಹೇಳಿದೆವು, ಮೇಲಿನವರಿಗೆ.
ಕೈಯಾರೆ ಅದನ್ನು ಎಬ್ಬಿಸಿ, ದೀಪ ಹಸಿರಾದ ಮೇಲೆ
ವಾಪಸು ಬಂದು
ಗುಂಡಿ ಒತ್ತುತ್ತಿದ್ದ.

ಆ ಸಾಲನ್ನು ಅಳಿಸಲಿಲ್ಲ.
ಅದರ ಕೆಳಗೆ ನನ್ನದೊಂದು ಹಸಿರು:
'ನೋಡಿದೆ. ಲ.'

ಹೊರಗೆ ಲಾರಿಯವನ ಹಾರ್ನು. ಒಮ್ಮೆ. ಮತ್ತೊಮ್ಮೆ.
ಅವನಿಗೆ ಯಾರು ಬರೆಯುತ್ತಾರೆ, ಸುತ್ತು.